ಐದೇ ವರ್ಷ ಇದ್ದ ತಂಡ, ಅಂದ್ರೆ ಸೋತು ಮುಚ್ಚಿತು ಅಲ್ವಾ?

ಅಲ್ಲ.

ಅಮೆರಿಕದ ಪೋರ್ಟ್‌ಲೆಂಡ್ ಮ್ಯಾವರಿಕ್ಸ್ ಅನ್ನೋ ಬೇಸ್‌ಬಾಲ್ ತಂಡದ ಬಗ್ಗೆ ನಾನು ಮಾತು ತೆಗೆದರೆ ಸಾಕು, ಈ ಪ್ರಶ್ನೆ ಬರುತ್ತದೆ. ಅದೂ ಕೇಳುವ ಧಾಟಿಯಲ್ಲಿ ಅಲ್ಲ, ತೀರ್ಪು ಕೊಡುವ ಧಾಟಿಯಲ್ಲಿ. ಒಂದು ದೀಪಾವಳಿ ಊಟದಲ್ಲಿ ಒಬ್ಬರು ಹೋಳಿಗೆ ಮುರಿಯುತ್ತಾ, "ನೋಡೋಕೆ ಜನಾನೇ ಬರ್ತಿರಲಿಲ್ಲ ಅನ್ಸುತ್ತೆ" ಎಂದುಬಿಟ್ಟರು. ನನಗೆ ಊಟ ಸೇರಲಿಲ್ಲ.

ಜನ ಬಂದಿದ್ದರು ಸ್ವಾಮಿ. 1977ರ ಒಂದೇ ಸೀಸನ್‌ನಲ್ಲಿ 1,25,300 ಜನ. ಬೇಸಿಗೆಯಲ್ಲಷ್ಟೇ ನಡೆಯುವ ಆ ಕೆಳದರ್ಜೆಯ ಲೀಗ್‌ಗಳಲ್ಲಿ ಅದು ಆಗಿನ ದಾಖಲೆ. ಅದೇ ವರ್ಷ 44 ಪಂದ್ಯ ಗೆದ್ದು 22 ಸೋತರು. ಫೈನಲ್‌ನಲ್ಲಿ ಬೆಲಿಂಗ್‌ಹ್ಯಾಮ್ ಎದುರು ಸೋತರು, ನಿಜ. ಆದರೆ ಅದಕ್ಕೆ ಯಾರೂ ತಂಡ ಮುಚ್ಚಲ್ಲ.

ನಡೆದದ್ದು ಇಷ್ಟು. 1972ರ ಸೀಸನ್ ಮುಗಿದ ಮೇಲೆ ಪೋರ್ಟ್‌ಲೆಂಡ್ ಬೀವರ್ಸ್ ತಂಡ ಜನ ಸಾಲದು ಎಂದು ಊರು ಬಿಟ್ಟು ಸ್ಪೋಕೇನ್‌ಗೆ ಹೋಯಿತು. ಖಾಲಿ ಬಿದ್ದ ಊರಿಗೆ ಬಿಂಗ್ ರಸೆಲ್ ಬಂದರು. ಟೀವಿಯಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದ ನಟ, ಹಾಲಿವುಡ್ ನಟ ಕರ್ಟ್ ರಸೆಲ್ ಅವರ ಅಪ್ಪ. 500 ಡಾಲರ್ ಕಟ್ಟಿ ಹೊಸ ತಂಡ ಕಟ್ಟಿದರು. ಐದು ವರ್ಷ ದುಡಿದು ಮತ್ತೆ ಜನರನ್ನು ಸ್ಟೇಡಿಯಂಗೆ ಕರೆತಂದರು. ಆಗ ಮೇಲಿನ ದರ್ಜೆಯ ಪೆಸಿಫಿಕ್ ಕೋಸ್ಟ್ ಲೀಗ್‌ಗೆ ಪೋರ್ಟ್‌ಲೆಂಡ್ ನೆನಪಾಯಿತು. ಮೇಲಿನ ಲೀಗ್ ಬೇಕು ಅಂದರೆ ಕೆಳಗಿನ ತಂಡ ಪರಿಹಾರ ತಗೊಂಡು ಜಾಗ ಬಿಡಬೇಕು. ನಿಯಮ ಹಾಗಿತ್ತು. ಅವರು 26,000 ಡಾಲರ್ ಕೊಡ್ತೀವಿ ಅಂದರು. ಬಿಂಗ್ 2,06,000 ಕೇಳಿದರು. ಪಂಚಾಯಿತಿ ಮಧ್ಯಸ್ಥಗಾರರ ಮುಂದೆ ಹೋಯಿತು. ಬಿಂಗ್ ಕೇಳಿದ್ದಷ್ಟೂ ಸಿಕ್ಕಿತು. ಇದನ್ನು ಸೋಲು ಅನ್ನೋರ ಜೊತೆ ನಾನು ವಾದ ಮಾಡಲ್ಲ.

ಯಾರಾದರೂ ಒಬ್ಬರು, "ಆ ತಂಡದಲ್ಲಿ ಆಡಿದ್ದು ಯಾರು?" ಎಂದು ಕೇಳಬಾರದೇ! ರಾತ್ರಿಯಿಡೀ ಹೇಳುತ್ತೇನೆ.

ಮೈನರ್ ಲೀಗ್, ಅಂದರೆ ಕೆಳದರ್ಜೆಯ ತಂಡಗಳಲ್ಲಿ ಸಾಮಾನ್ಯವಾಗಿ ಆಟಗಾರರು ಯಾವುದೋ ದೊಡ್ಡ ಕ್ಲಬ್ಬಿನವರು. ಸಂಬಳ ಅವರದು, ಯಾರು ಇರಬೇಕು ಯಾರು ಹೋಗಬೇಕು ಅನ್ನೋ ಮಾತೂ ಅವರದು. ಮ್ಯಾವರಿಕ್ಸ್‌ಗೆ ಅಂಥ ಯಜಮಾನ ಇರಲಿಲ್ಲ. ಬಿಂಗ್ ಯಾರು ಬೇಕಾದರೂ ಬನ್ನಿ ಎಂದು ಆಯ್ಕೆ ಶಿಬಿರ ಇಟ್ಟರು. ಬೇರೆ ಕಡೆ ಕೈಬಿಟ್ಟವರು, ವಯಸ್ಸಾಯ್ತು ಅನ್ನಿಸಿಕೊಂಡವರು ಬಂದರು. ಎದುರಾಳಿಯನ್ನು ಸರಣಿಯಲ್ಲಿ ಪೂರ್ತಿ ಗುಡಿಸಿಹಾಕಿದಾಗ ಜೋ ಗಾರ್ಜಾ ಪೊರಕೆಗೆ ಬೆಂಕಿ ಹಚ್ಚಿಕೊಂಡು ಕುಣಿಯುತ್ತಿದ್ದ. ಜನಕ್ಕೆ ಹಬ್ಬ.

ಜಿಮ್ ಬೌಟನ್ ಬಂದದ್ದೂ ಇಲ್ಲಿಗೇ. 1964ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಮೇಲಿನ ದರ್ಜೆಯ ಫೈನಲ್ ಸರಣಿಯಲ್ಲಿ, ನ್ಯೂಯಾರ್ಕ್ ಯಾಂಕೀಸ್ ಪರ ಎರಡು ಪಂದ್ಯ ಗೆಲ್ಲಿಸಿದ ಪಿಚರ್, ಅಂದರೆ ಚೆಂಡೆಸೆಯುವವರು. ಒಳಗಿನ ಕಥೆಯನ್ನೆಲ್ಲ ಪುಸ್ತಕ ಬರೆದು ದೊಡ್ಡವರ ಕೆಂಗಣ್ಣಿಗೆ ಗುರಿಯಾಗಿದ್ದರು. 1975ರಲ್ಲಿ, 36ನೇ ವಯಸ್ಸಿನಲ್ಲಿ, ಮ್ಯಾವರಿಕ್ಸ್ ಪರ ಆಡಿದರು. 1977ರಲ್ಲಿ ಮತ್ತೆ ಬಂದರು. ಮರುವರ್ಷ ಅಟ್ಲಾಂಟಾ ಬ್ರೇವ್ಸ್ ಪರ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ನಲ್ಲಿ ಚೆಂಡೆಸೆದರು! ಬಾಗಿಲು ತೆರೆದಿಟ್ಟ ಒಂದು ತಂಡ ಇದ್ದದ್ದರಿಂದ ಆದದ್ದು ಇದು.

ಇನ್ನೊಬ್ಬ ಪಿಚರ್ ರಾಬ್ ನೆಲ್ಸನ್. ಆಟಗಾರರು ತಂಬಾಕು ಅಗಿದು ಉಗುಳುವುದು ನೋಡಿ ಅವನಿಗೆ ಒಂದು ಯೋಚನೆ ಬಂತು. ಚೂಯಿಂಗ್ ಗಮ್ಮನ್ನೇ ತಂಬಾಕಿನ ಹಾಗೆ ಎಳೆ ಎಳೆಯಾಗಿ ಕತ್ತರಿಸಿ ಚೀಲದಲ್ಲಿ ಮಾರಿದರೆ? ಬೌಟನ್ ಕೈಜೋಡಿಸಿದರು. 1980ರಲ್ಲಿ ಅದು ಬಿಗ್ ಲೀಗ್ ಚ್ಯೂ ಅನ್ನೋ ಹೆಸರಲ್ಲಿ ಅಂಗಡಿಗೆ ಬಂತು. ಈಗಲೂ ಸಿಗುತ್ತದೆ. ಮುಂದಿನ ಸಲ ಯಾರಾದರೂ ತಂಡ ಸೋತಿತು ಅಂದರೆ ಉತ್ತರ ಹೇಳಲ್ಲ, ಒಂದು ಪೊಟ್ಟಣ ಕೈಗಿಡುತ್ತೇನೆ.