ಬಾಣಂತಿ ಕುಡಿದ ನೀರು

"ದಿನಕ್ಕೆ ಎಷ್ಟು ನೀರು ಕುಡೀತಿದ್ರಿ?"

ಸೋಮವಾರದಿಂದ ಈ ಒಂದು ಮಾತು ಕಿವಿಯಿಂದ ಹೋಗುತ್ತಿಲ್ಲ. ಡಾಕ್ಟರು ಕೇಳಿದ್ದು ನನ್ನ ತಂಗಿಯನ್ನು. ಅವಳು ಉತ್ತರ ಹೇಳದೆ ಅವ್ವನ ಮುಖ ನೋಡಿದಳು. ಅವ್ವ ಹೆಬ್ಬೆರಳು, ತೋರುಬೆರಳು ಅಗಲಿಸಿ ಅಳತೆ ತೋರಿಸಿದಳು. "ಇಷ್ಟು ಲೋಟ ರೀ. ಮುಂಜಾನೆ ಒಂದು, ರಾತ್ರಿ ಒಂದು. ಬಾಣಂತಿ ಅಲ್ವಾ."

ಡಾಕ್ಟರು ಬೈಯಲಿಲ್ಲ. ಸುಮ್ನೆ ಬರೆದುಕೊಂಡರು. ಬೈದಿದ್ದರೆ ಅವ್ವನಿಗೆ ಹಗುರಾಗುತ್ತಿತ್ತೇನೋ.

ಹೆರಿಗೆಯಾಗಿ 16 ದಿನ ಆಗಿತ್ತು. ನಿಟ್ಟುವಳ್ಳಿಯ ನಮ್ಮ ಮನೆಯಲ್ಲೇ ಬಾಣಂತನ. ಹೊರಗೆ ದಾವಣಗೆರೆಯ ಬಿಸಿಲು. ಒಳಗೆ ಕಿಟಕಿ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡ, ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಮೆಣಸಿನ ಸಾರು, ಬೆಳ್ಳುಳ್ಳಿ, ಒಣಕೊಬ್ಬರಿ, ಅಂಟಿನುಂಡೆ, ಯಾವುದಕ್ಕೂ ಅವ್ವ ಕಡಿಮೆ ಮಾಡಿರಲಿಲ್ಲ. ನೀರಿಗೆ ಮಾತ್ರ ಲೆಕ್ಕ. ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತೆ, ಕೂಸಿಗೆ ಶೀತ ಆಗುತ್ತೆ ಅಂತ.

ಭಾನುವಾರ ಬೆಳಿಗ್ಗೆ ಕೂಸಿಗೆ ಹಾಲು ಕುಡಿಸುತ್ತಿದ್ದವಳು ತಟ್ಟನೆ ತಲೆ ಹಿಡಿದುಕೊಂಡಳು. "ಅಕ್ಕಾ, ಕೂಸಿನ್ನ ತಗೋ. ತಲೆಯೊಳಗ ಏನೋ ಸಿಡೀತು." ಅಷ್ಟೇ. ನಾನು ಕೂಸನ್ನು ಎತ್ತಿಕೊಳ್ಳುವಷ್ಟರಲ್ಲಿ ಅವಳು ಗೋಡೆಗೆ ತಲೆ ಒತ್ತಿ ಅಳುತ್ತಿದ್ದಳು. ಆಮೇಲೆ ವಾಂತಿ. ಬೆಳಕು ಕಂಡರೆ ಕಣ್ಣು ಮುಚ್ಚುತ್ತಿದ್ದಳು.

ಎದುರು ಮನೆಯ ಅಜ್ಜಿ ಬಂದು "ತಲೆಗೆ ಗಾಳಿ ಹೊಕ್ಕೈತಿ" ಅಂತ ಬಟ್ಟೆಯನ್ನು ಇನ್ನೂ ಬಿಗಿಯಾಗಿ ಕಟ್ಟಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹತ್ತಿರದ ಕ್ಲಿನಿಕ್ಕಿನವರ ಮೇಲೆ ಇದೆ. 16 ದಿನದ ಬಾಣಂತಿ ಅಂತ ಎರಡು ಸಲ ಹೇಳಿದೆ. ನಿದ್ದೆಗೆಟ್ಟಿದ್ದಕ್ಕೆ ಮೈಗ್ರೇನ್ ಅಂದು, ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ನೋವು ಹೇಗೆ ಶುರುವಾಯ್ತು ಅಂತ ಒಂದು ಮಾತು ಕೇಳಲಿಲ್ಲ.

ಅದೇ ಮುಖ್ಯ ಪ್ರಶ್ನೆ ಅಂತ ಆಮೇಲೆ ಗೊತ್ತಾಯಿತು. ಒಂದು ನಿಮಿಷದೊಳಗೆ ತುತ್ತತುದಿಗೆ ಏರುವ ತಲೆನೋವನ್ನು ಸಿಡಿಲಿಗೆ ಹೋಲಿಸುತ್ತಾರಂತೆ. ಎಷ್ಟು ನೋವು ಅನ್ನುವುದಕ್ಕಿಂತ ಎಷ್ಟು ಬೇಗ ಏರಿತು ಅನ್ನುವುದನ್ನು ನೋಡುತ್ತಾರೆ. ಹಾಗೆ ಬಂದರೆ ಕಾಯುವಂತಿಲ್ಲ, ಎಮರ್ಜೆನ್ಸಿಗೇ ಹೋಗಬೇಕು.

ನಾವು ಕಾಯ್ದೆವು. ರಾತ್ರಿ ಅವಳ ಎಡಗೈ ಸೆಟೆದುಕೊಂಡು ಫಿಟ್ಸ್ ಬಂತು. ಆಗ 108ಕ್ಕೆ ಫೋನ್ ಮಾಡಿದೆವು.

ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಸಿ.ಟಿ. ಸ್ಕ್ಯಾನ್. ಮೆದುಳಿನ ರಕ್ತನಾಳ ಒಡೆದು ರಕ್ತ ಸೋರಿದೆಯಾ ಅಂತ ನೋಡಲು. ಹೀಗೆ ತಟ್ಟನೆ ಬರುವ ನೋವಿನಲ್ಲಿ ಅವರಿಗೆ ಮೊದಲ ಭಯ ಅದೇ. ರಿಪೋರ್ಟಲ್ಲಿ ಏನೂ ಇಲ್ಲ ಅಂದಾಗ ನಾವು ದೇವರಿಗೆ ಕೈಮುಗಿದೆವು. ಡಾಕ್ಟರು ಮಾತ್ರ ಅಲ್ಲಿಗೆ ಬಿಡಲಿಲ್ಲ. ಎಂ.ಆರ್.ಐ. ಜೊತೆಗೆ ರಕ್ತನಾಳಗಳನ್ನು ತೋರಿಸುವ ವೆನೋಗ್ರಾಂ ಕೂಡ ಮಾಡಿಸಿದರು. ಆ ಹಟಕ್ಕೆ ನಾನು ಋಣಿ. ನೆತ್ತಿಯ ಉದ್ದಕ್ಕೂ ಹಾದುಹೋಗುವ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಮೆದುಳಿಗೆ ಹೋದ ರಕ್ತ ವಾಪಸ್ಸು ಬರುವ ದಾರಿ ಅದು. ಭದ್ರಾ ನಾಲೆಯಲ್ಲಿ ಕಸ ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತಿ ದಂಡೆ ಮೇಲೆ ಬರುತ್ತಲ್ಲ, ಹಾಗೆ. ಒತ್ತಡ ಏರಿ ತಲೆನೋವು, ವಾಂತಿ, ಫಿಟ್ಸ್. ಈ ಕಾಯಿಲೆಯಲ್ಲಿ ತಲೆನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮೆಲ್ಲಗೆ ಏರುತ್ತದೆ. ಕೆಲವರಿಗೆ ಮಾತ್ರ ಸಿಡಿಲಿನ ಹಾಗೆ ಬರುತ್ತದೆ. ಅವತ್ತೇ ಹೆಪಾರಿನ್ ಶುರು ಮಾಡಿದರು, ಹೆಪ್ಪು ಬೆಳೆಯದ ಹಾಗೆ.

ನೀರೊಂದೇ ಕಾರಣ ಅಲ್ಲ ಅಂತ ಡಾಕ್ಟರು ಅವ್ವನಿಗೆ ಬಿಡಿಸಿ ಹೇಳಿದರು. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಅಂತ ದೇಹವೇ ರಕ್ತವನ್ನು ಬೇಗ ಹೆಪ್ಪುಗಟ್ಟುವ ಹಾಗೆ ಮಾಡಿಕೊಂಡಿರುತ್ತದೆ. ಹೆರಿಗೆಯಾದ ಮೇಲೂ 6 ವಾರ ಅದರ ಅಪಾಯ ಜಾಸ್ತಿ. ಅದರ ಮೇಲೆ ಬೆವರು, ಹಾಲೂಡಿಸುವುದು, ನೀರಿಲ್ಲದಿರುವುದು. ಅವ್ವ ತಲೆ ಆಡಿಸಿದಳು. ಆದರೆ ಅವಳ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ ಅಂತ ನನಗೆ ಗೊತ್ತು.

ಅವತ್ತೇ ತಂಗಿಯ ಅತ್ತೆಯ ಫೋನ್. "ನಿಮ್ಮ ಮನೆಯಾಗ ಸರಿಯಾಗಿ ನೋಡ್ಕೊಳ್ಳಲಿಲ್ಲ." ಹೆರಿಗೆ ವಾರ್ಡಿನಲ್ಲಿ ನಿಂತು "ನೀರು ಕೊಡಬ್ಯಾಡ್ರಿ, ಹೊಟ್ಟೆ ಬರ್ತೈತಿ" ಅಂದದ್ದು ಇದೇ ಬಾಯಿ. ಅದನ್ನು ನಾನು ಹೇಳಿಯೂಬಿಟ್ಟೆ. ತಂಗಿಯ ಗಂಡ ಒಳ್ಳೆಯವನು. ಎರಡು ರಾತ್ರಿ ಎಂ.ಆರ್.ಐ. ಕವರ್ ಎದೆಗವಚಿಕೊಂಡು ಐ.ಸಿ.ಯು. ಹೊರಗೆ ಕೂತಿದ್ದ.

ಅವ್ವ ತನಗೆ ತನ್ನವ್ವ ಮಾಡಿದ್ದನ್ನೇ ಮಗಳಿಗೆ ಮಾಡಿದ್ದಳು. ರಾತ್ರಿ ಮೂರಕ್ಕೆ ಎದ್ದು ಕೆಂಡ ಊದಿದವಳು ಅವಳೇ. ಪ್ರೀತಿ ಇಲ್ಲದೆ ಆ ಲೋಟ ಚಿಕ್ಕದಾಗಿರಲಿಲ್ಲ. ಏಳೆಂಟು ತಿಂಗಳು ತಂಗಿಯನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದೆವು. ಏನು ತಿನ್ನಬೇಕು ಅಂತ ಚೀಟಿ ಕೊಟ್ಟಿದ್ದರು. ಮನೆಗೆ ಹೋದಮೇಲೆ ನೀರು ಕೊಡ್ತೀರಾ ಅಂತ ಅವ್ವನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವಳು ಬೆರಳು ಅಗಲಿಸಿ ಅವತ್ತೇ ತೋರಿಸುತ್ತಿದ್ದಳು. ಅವಳಿಗೆ ಮುಚ್ಚಿಡುವುದೇನೂ ಇರಲಿಲ್ಲ.

ತಂಗಿ ಈಗ ವಾರ್ಡಿನಲ್ಲಿದ್ದಾಳೆ. ಎಡಗೈ ಬೆರಳು ಇನ್ನೂ ಸ್ವಲ್ಪ ಜೋಮು. ಕೆಲವು ತಿಂಗಳು ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಕೂಸಿಗೆ ಹಾಲು ಕುಡಿಸಬಹುದು ಅಂದಿದ್ದಾರೆ.

ನಿನ್ನೆ ರಾತ್ರಿ ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಬಹಳ ಹೊತ್ತಿನ ಮೇಲೆ ಮಾತಾಡಿದಳು. ಅವಳಿಗೊಬ್ಬಳು ಚಿಕ್ಕಮ್ಮ ಇದ್ದಳಂತೆ. ಮೊದಲ ಬಾಣಂತನದಲ್ಲೇ ಹೋದಳು. ಬಾಣಂತಿ ಸನ್ನಿ ಅಂದಿದ್ದರಂತೆ ಎಲ್ಲರೂ. ಅದು ಯಾವ ಕಾಯಿಲೆಯೋ, ಈಗ ಯಾರು ಹೇಳಬಲ್ಲರು?

"ಆಕೀನೂ ತಲೆ ತಲೆ ಅಂತ ಒದರತಿದ್ಲು," ಅಂದಳು ಅವ್ವ. "ನೀರು ಕೇಳತಿದ್ಲು. ನಾನೇ ಬಾಗಿಲಿಗೆ ನಿಂತಿದ್ದೆ, ಸಣ್ಣಾಕಿ. ಕೊಡಬ್ಯಾಡ ಅಂದಿದ್ರು."