ದೇವಸ್ಥಾನಕ್ಕೆ ನೂರು ಜನ, ತೋಟಕ್ಕೆ ಒಬ್ಬರೂ ಇಲ್ಲ, ಯಾಕೆ?

ಬೆಂಗಳೂರು, ಮುಂಬೈಯಿಂದ ಊರಿಗೆ ಬರುವ ನೆಂಟರೆಲ್ಲ ನನಗೆ ಕೇಳುವ ಪ್ರಶ್ನೆ ಇದು. "ಮಾವ, ತೋಟದ ಕೆಲಸಕ್ಕೆ ಜನ ಸಿಗುವುದಿಲ್ಲ ಅಂತೀರಿ. ಭಾನುವಾರ ದೇವಸ್ಥಾನದಲ್ಲಿ ನೋಡಿದರೆ ಜನವೋ ಜನ. ಒಬ್ಬರೂ ಒಂದು ರೂಪಾಯಿ ಕೇಳುವುದಿಲ್ಲ. ಇದು ಹೇಗೆ?" ಉಡುಪಿಯ ಸುತ್ತ ಯಾವ ಊರಿಗೆ ಹೋದರೂ ಈ ಪ್ರಶ್ನೆಗೆ ಜಾಗ ಇದೆ. ದೇವಸ್ಥಾನದ ಜೀರ್ಣೋದ್ಧಾರ, ಬ್ರಹ್ಮಕಲಶ (ಪುನಃಪ್ರತಿಷ್ಠೆಯ ಉತ್ಸವ) ಅಂತ ಎಲ್ಲೋ ಒಂದು ಕಡೆ ಕರಸೇವೆ, ಅಂದರೆ ಕೂಲಿಯಿಲ್ಲದ ದುಡಿಮೆ, ನಡೆಯುತ್ತಲೇ ಇರುತ್ತದೆ.

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಹಿರಿಯರು "ದೇವರ ಭಯ" ಅಂತಾರೆ. ತೋಟ ಇರುವವರು "ಜನ ಸೋಮಾರಿಗಳಾಗಿದ್ದಾರೆ" ಅಂತಾರೆ. ಎರಡೂ ನನಗೆ ಒಪ್ಪಿಗೆ ಇಲ್ಲ. ಆರು ದಿನ ಕೂಲಿಗೆ ಕೆಂಪುಕಲ್ಲು ಹೊತ್ತವನು ಏಳನೆಯ ದಿನ ಅದೇ ಕಲ್ಲನ್ನು ಸುಮ್ನೆ ಹೊರುತ್ತಾನೆ. ಅವನನ್ನು ಸೋಮಾರಿ ಅನ್ನುವುದು ಹೇಗೆ? ಇನ್ನು ಭಯದ ಮಾತು. ಕರಸೇವೆಯಲ್ಲಿ ಅಷ್ಟು ನಗು, ಅಷ್ಟು ಕಾಲೆಳೆಯುವುದು ನಡೆಯುತ್ತದೆ. ಹೆದರಿ ಬಂದವರು ಹಾಗಿರುವುದಿಲ್ಲ.

ಒಂದು ಭಾನುವಾರ ಹೋಗಿ ನೋಡಿ. ಬೆಳಿಗ್ಗೆ ಯುವಕ ಮಂಡಲದ ಹುಡುಗರು, ಆಮೇಲೆ ಹೆಂಗಸರು, ಮೇಷ್ಟ್ರುಗಳು, ಬ್ಯಾಂಕಿನವರು, ರಿಕ್ಷಾದವರು. ಸ್ಲ್ಯಾಬ್ ಹಾಕುವ ದಿನವಾದರೆ ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಬಾಣಲೆ ದಾಟಿಸುತ್ತಾರೆ. ರಿಕ್ಷಾ ಓಡಿಸುವವನು ಬ್ಯಾಂಕ್ ಮ್ಯಾನೇಜರಿಗೆ, "ಸಾರ್, ಸೊಂಟ ಬಗ್ಗಿಸಿ ಹಿಡೀರಿ, ಇಲ್ಲಾಂದ್ರೆ ನಾಳೆ ಏಳ್ಲಿಕ್ಕಾಗ್ಲಿಕ್ಕಿಲ್ಲ" ಅಂತ ಗದರಿಸುತ್ತಾನೆ. ಮ್ಯಾನೇಜರು ಬಗ್ಗಿಸುತ್ತಾರೆ. ಹತ್ತು ಗಂಟೆಗೆ ಚಾ, ಅವಲಕ್ಕಿ. ಮಧ್ಯಾಹ್ನ ಗಂಜಿ, ಚಟ್ನಿ. ದಣಿವು ಅಷ್ಟೇ ಇದೆ, ಬೆವರು ಅಷ್ಟೇ ಇದೆ. ಆದರೆ ಬಾ ಅಂದವನೂ ಬಾಣಲೆ ಹಿಡಿದಿದ್ದಾನೆ, ಬಾರದಿದ್ದರೆ ಯಾರೂ ಮನೆ ಬಾಗಿಲಿಗೆ ಬಂದು ಕೇಳುವುದಿಲ್ಲ. ನನ್ನ ಉತ್ತರದ ಬಹುಪಾಲು ಇಲ್ಲೇ ಇದೆ.

ಇದನ್ನು ಜಾಸ್ತಿ ಹೊಗಳುವುದೂ ಬೇಡ. ಸಮಿತಿ ಅಂತ ಒಂದಿರುತ್ತದೆ. ಬಾಣಲೆ ಮುಟ್ಟದವರ ಮುಖವೂ ಫ್ಲೆಕ್ಸಿನಲ್ಲಿ ದೊಡ್ಡದಾಗಿ ಬರುತ್ತದೆ. ಅಂಗಳದಲ್ಲಿ ಒಟ್ಟಿಗೆ ಕಲ್ಲು ಹೊತ್ತವರಲ್ಲಿ ಅಡುಗೆ ಕೋಣೆಯ ಹೊಸಿಲು ದಾಟುವವರು ಯಾರು, ಹೊರಗೇ ನಿಲ್ಲುವವರು ಯಾರು ಎಂಬುದೂ ಎಲ್ಲರಿಗೂ ಗೊತ್ತಿರುವ ಸಂಗತಿಯೇ.

ಈಗ ತೋಟ, ಗದ್ದೆಯ ಕಡೆ ಬರೋಣ. ನೇಜಿ (ಭತ್ತದ ಸಸಿ) ನೆಡುವ ಕೆಲಸವನ್ನು ಹಾಡು, ಮಳೆಗೆ ಹೊದೆಯುವ ಗೊರಬು, ಮಳೆ ಅಂತ ಚೆಂದ ಮಾಡಿ ಹೇಳುವವರು ಆ ಕೆಸರಿನಲ್ಲಿ ದಿನವಿಡೀ ಬಗ್ಗಿ ನಿಂತವರಲ್ಲ. ಅದು ಬಹಳ ಕಾಲ ಧಣಿಯ ಗದ್ದೆಯಾಗಿತ್ತು. ಒಕ್ಕಲುಗಳು ಗೇಣಿ ಅಳೆಯುವುದಷ್ಟೇ ಅಲ್ಲ, ಧಣಿಯ ಮನೆಯ ಬಿಟ್ಟಿ ಚಾಕರಿಯನ್ನೂ ಮಾಡಬೇಕಿತ್ತು. ಅವರಿಗಿಂತ ಕೆಳಗೆ ಮೂಲದಾಳುಗಳು, ಭೂಮಿಗೇ ಅಂಟಿಕೊಂಡವರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು, ಒಕ್ಕಲುಗಳು ಡಿಕ್ಲರೇಶನ್ (ಉಳುವ ಭೂಮಿ ತಮಗೆ ಬೇಕೆಂಬ ಅರ್ಜಿ) ಕೊಟ್ಟು ಭೂಮಿ ಮಾಡಿಕೊಂಡ ಮೇಲೆ ಈ ಜಿಲ್ಲೆಗಳ ಚಹರೆಯೇ ಬದಲಾಯಿತು. ಹಾಗೆ ಬಿಡುಗಡೆಯಾದವರ ಮೊಮ್ಮಗ ಮಣಿಪಾಲದಲ್ಲೋ ದುಬೈಯಲ್ಲೋ ಕೆಲಸಕ್ಕೆ ಹೋಗುತ್ತಾನೆ. ಅವನು ಇನ್ನೊಬ್ಬರ ಗದ್ದೆಗೆ ಇಳಿಯದಿರುವುದು ನನಗಂತೂ ದುಃಖದ ಸುದ್ದಿಯಲ್ಲ. ಜನ ಸಿಗುವುದಿಲ್ಲ ಅನ್ನುವುದರಲ್ಲಿ ಅರ್ಧ ಪಾಲು ಒಳ್ಳೆಯ ಸುದ್ದಿಯೇ.

ಇನ್ನೂ ಕಹಿಯಾದದ್ದೊಂದಿದೆ. ಇಲ್ಲಿನ ಬುಡಕಟ್ಟಿನ ಜನರಾದ ಕೊರಗರಿಂದ ಡೋಲು ಬಡಿಸುವುದು, ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಓಡಿಸುವುದು, ಕೂದಲು ಉಗುರು ಬೆರೆಸಿದ ಅನ್ನ ಕೊಡುವುದು, ಇದಕ್ಕೆಲ್ಲ ಅಜಲು ಅಂತ ಹೆಸರು. ಕೇಳಿದರೆ "ಸಂಪ್ರದಾಯ", "ದೇವರ ಕೆಲಸ" ಎಂಬ ಉತ್ತರ. ಇದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಕೊರಗರಿಗೆ ಕೂಲಿ ಕೊಡದಿರುವುದು, ಉಳಿದವರಿಗಿಂತ ಕಡಿಮೆ ಕೊಡುವುದು ಕೂಡ ಅಜಲೇ ಎಂದು ಆ ಕಾಯ್ದೆ ಹೇಳುತ್ತದೆ. ದುಡಿಮೆಗೆ ದೇವರ ಹೆಸರು ಇಟ್ಟಕೂಡಲೇ ಅದು ಪವಿತ್ರವಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾ?

ಮಧ್ವಾಚಾರ್ಯರ ಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಇಲ್ಲೇ ಪಾಜಕದಲ್ಲಿ 1238ರಲ್ಲಿ ಹುಟ್ಟಿದವರು, ಶಿಷ್ಯರ ಜೊತೆ ಉತ್ತರದ ಯಾತ್ರೆ ಹೊರಟಿದ್ದಾರೆ. ದಾರಿಯಲ್ಲಿ ಈಶ್ವರದೇವ ಎಂಬ ರಾಜ ಕೆರೆ ತೋಡಿಸುತ್ತಿದ್ದಾನೆ. ಹೋಗುವ ಬರುವ ದಾರಿಹೋಕರನ್ನೆಲ್ಲ ತಡೆದು ಅಗೆಸುತ್ತಾನೆ. ಇವರಿಗೂ ಅಗೆಯಿರಿ ಅಂದ. ಆಚಾರ್ಯರು, "ನಮಗೆ ಗೊತ್ತಿಲ್ಲ, ಹೇಗೆ ಅಂತ ನೀನೇ ತೋರಿಸು" ಅಂದರು. ರಾಜ ತೋರಿಸಲು ಹೊರಟವನು ನಿಲ್ಲಿಸಲಾಗದೆ ಅಗೆಯುತ್ತಲೇ ಉಳಿದ. ಆಚಾರ್ಯರು ಶಿಷ್ಯರನ್ನು ಕರೆದುಕೊಂಡು ಮುಂದೆ ಹೋದರು. ಇದನ್ನು ಪವಾಡ ಅಂತ ಹೇಳುವುದೇ ರೂಢಿ. ನನಗೆ ಇದರಲ್ಲಿ ಹಿಡಿಸುವುದು ಬೇರೆ. ಕೆರೆ ತೋಡಿಸುವುದು ಪುಣ್ಯದ ಕೆಲಸ ಅಂತ ಎಲ್ಲರೂ ಒಪ್ಪುತ್ತಿದ್ದ ಕಾಲ. ಆದರೂ ದಡದಲ್ಲಿ ನಿಂತು ಬೇರೆಯವರ ಬೆನ್ನಿಂದ ಪುಣ್ಯ ಮಾಡಿಸುವವನ ಕೈಗೆ ಈ ಕತೆ ಗುದ್ದಲಿ ಕೊಡುತ್ತದೆ.

"ಹಾಗಾದರೆ ಕಾಯಕವೇ ಕೈಲಾಸ ಅನ್ನುವುದು ಸುಳ್ಳಾ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆ ಮಾತನ್ನು ಸಂಬಳ ಕೊಡುವವರ ಕುರ್ಚಿಯ ಹಿಂದಿನ ಗೋಡೆಯಲ್ಲೇ ಯಾಕೆ ತೂಗುಹಾಕುತ್ತಾರೋ! ಆ ಮಾತು ಬರುವ ವಚನ ಶರಣ ಆಯ್ದಕ್ಕಿ ಮಾರಯ್ಯನದ್ದು. ಅವನು ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಯಾವತ್ತಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹೊಗಳಲಿಲ್ಲ. ಈ ಆಸೆ ನಿಮಗೆ ಎಲ್ಲಿಂದ ಬಂತು, ಹೆಚ್ಚಿನದನ್ನು ತೆಗೆದುಕೊಂಡು ಹೋಗಿ ಅಲ್ಲೇ ಸುರಿದು ಬನ್ನಿ ಅಂದಳು. ಹನ್ನೆರಡನೆಯ ಶತಮಾನದ ಆ ಬಡ ಮನೆಯಲ್ಲಿ ಹೆಚ್ಚು ದುಡಿದದ್ದಕ್ಕೆ ಶಹಬ್ಬಾಸ್ ಸಿಗಲಿಲ್ಲ. ಗೋಡೆಗೆ ಫಲಕ ಹಾಕುವವರು ಲಕ್ಕಮ್ಮನ ಮಾತನ್ನೂ ಪಕ್ಕದಲ್ಲಿ ಹಾಕಲಿ.

ಕೂಲಿ ತೆಗೆದುಕೊಂಡರೆ ಅದು ಸೇವೆಯಲ್ಲ ಅನ್ನುವವರೂ ಇದ್ದಾರೆ. ಅವರು ಒಂದು ನೇಮ, ಅಂದರೆ ದೈವದ ಕೋಲ, ನೋಡಬೇಕು. ದೈವದ ವೇಷ ಕಟ್ಟುವವರು ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ಪಡೆದು, ಮಿಂದು, ಮುಖಕ್ಕೆ ಬಣ್ಣ ಹಚ್ಚಿ, ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ಅಣಿಯ ಅಲಂಕಾರ ಹೊತ್ತು ಬೆಳಗಿನ ತನಕ ಕುಣಿಯುತ್ತಾರೆ. ನಲಿಕೆ, ಪರವ, ಪಂಬದ ಕುಟುಂಬಗಳಿಗೆ ಇದು ತಲೆಮಾರಿನ ಹೊಣೆ, ಹೊಟ್ಟೆಪಾಡೂ ಹೌದು. ಅವರಿಗೆ ಸಲ್ಲುವುದು ಸಲ್ಲಲೇಬೇಕು. ರಾತ್ರಿ ಅವರ ಮುಂದೆ ಕೈಮುಗಿದು ನಿಂತವರು ಬೆಳಿಗ್ಗೆ ಹಣ ಕೊಡುವಾಗ ಚೌಕಾಸಿ ಮಾಡುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮೈ ದಣಿಸುವುದು ಒಂದು ಬಗೆ, ಮನಸ್ಸನ್ನು ದಣಿಸುವುದು ಇನ್ನೊಂದು. ನಮ್ಮ ಮನೆಯ ಕಂಪೌಂಡ್ ಕಟ್ಟಿದ ಬ್ಯಾರಿ ಮೇಸ್ತ್ರಿ ರಂಜಾನ್ ತಿಂಗಳಲ್ಲಿ ಉಪವಾಸ ಹಿಡಿದೇ ಕಲ್ಲು ಇಡುತ್ತಿದ್ದರು. ಬೆಳಕು ಹರಿಯುವಾಗಲೇ ಬಂದು ಬಿಸಿಲು ಏರುವ ಮೊದಲು ಹೊರಡುತ್ತಿದ್ದರು. ಬಾಯಾರಿಕೆ ತಡೆಯುವುದು ಕಷ್ಟ ಅಲ್ವಾ ಅಂತ ಕೇಳಿದೆ. "ನೀರಿನದ್ದು ಅಭ್ಯಾಸ ಆಗ್ತದೆ ಅಣ್ಣ. ಹೆಲ್ಪರ್ ಹುಡುಗ ಸಿಮೆಂಟ್ ಹಾಳು ಮಾಡಿದಾಗ ಬಾಯಿಗೆ ಬರುವ ಬೈಗುಳ ನುಂಗುವುದು ಉಂಟಲ್ಲ, ಅದು ಕಷ್ಟ" ಅಂದರು. ಕಲ್ಲಿಗೆ ಕೂಲಿ ನಾನು ಕೊಟ್ಟೆ. ನುಂಗಿದ ಬೈಗುಳದ ಲೆಕ್ಕ ಅವರದ್ದು ಮತ್ತು ಅವರ ದೇವರದ್ದು. ಒಂದೇ ಮೈಯಲ್ಲಿ ಎರಡು ದುಡಿಮೆ ನಡೆಯುತ್ತಿತ್ತು, ಒಂದಕ್ಕೊಂದು ಅಡ್ಡ ಬರಲಿಲ್ಲ.

ಮತ್ತೆ ಗದ್ದೆಗೆ. 2021ರಲ್ಲಿ ಉಡುಪಿ ಸುತ್ತಮುತ್ತ ಹಡಿಲು ಬಿದ್ದ ಗದ್ದೆಗಳಿಗೆ ಮತ್ತೆ ಭತ್ತ ಹಾಕುವ ದೊಡ್ಡ ಆಂದೋಲನ ನಡೆಯಿತು. ಯಾವತ್ತೂ ಕೆಸರು ಮುಟ್ಟದವರು ಬಂದು ನೇಜಿ ನೆಟ್ಟರು. ಗದ್ದೆಗೆ ಜನ ಬರುವುದೇ ಇಲ್ಲ ಅನ್ನುವವರು ಅದನ್ನು ನೆನಪಿಸಿಕೊಳ್ಳಬೇಕು. ಎಲ್ಲರೂ ಒಟ್ಟಿಗೆ ಕೆಸರಿಗೆ ಇಳಿದರೆ ಜನ ಬರುತ್ತಾರೆ. ನೆಡುವ ದಿನ ಫೋಟೋಕ್ಕೆ ಬಂದವರು ಕಳೆ ಕೀಳುವ ದಿನ ಇರುವುದಿಲ್ಲ, ಅದೂ ನಿಜ. ಉತ್ಸಾಹದ ಮೇಲೆ ಒಂದು ದಿನ ನಡೆಸಬಹುದು, ಪೂರ್ತಿ ಬೆಳೆ ತೆಗೆಯಲು ಆಗುವುದಿಲ್ಲ.

ಹಾಗಾಗಿ ನೆಂಟರಿಗೆ ನಾನು ಹೇಳುವುದು ಇಷ್ಟು. ಸಣ್ಣ ಕೆಲಸಕ್ಕೆ ಪಕ್ಕದ ಎರಡು ಮನೆಯವರ ಜೊತೆ ಮುಯ್ಯಾಳು ಇಟ್ಟುಕೊಂಡಿದ್ದೇವೆ. ನಾವು ಅವರಲ್ಲಿಗೆ ಹೋಗುತ್ತೇವೆ, ಅವರು ನಮ್ಮಲ್ಲಿಗೆ ಬರುತ್ತಾರೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ಮರ ಹತ್ತಿ ಮದ್ದು ಬಿಡುವುದು ಬೇರೆಯೇ ಮಾತು. ಜಾರುವ ಮರದ ಮೇಲೆ ಜೀವ ಒತ್ತೆ ಇಡುವ ಕೆಲಸ ಅದು. ಅಲ್ಲಿ ಸೇವೆ, ಪ್ರೀತಿ, ಊರಿನವರು ಅಂತ ಮಾತು ಬೆಳೆಸುವುದಿಲ್ಲ. ಹತ್ತುವವರು ಹೇಳಿದ ರೇಟು ಕೊಡುತ್ತೇನೆ, ಅವತ್ತು ಸಂಜೆಯೇ ಕೊಡುತ್ತೇನೆ. ಅವರಲ್ಲಿ ಒಬ್ಬನನ್ನು ಭಾನುವಾರದ ಕರಸೇವೆಯಲ್ಲಿ ನೋಡುತ್ತಿರುತ್ತೇನೆ. ಸ್ಲ್ಯಾಬಿನ ಸಾಲಿನಲ್ಲಿ ನನಗೆ ಬಾಣಲೆ ದಾಟಿಸುವಾಗ ಅವನದ್ದೇ ದರ್ಬಾರು, "ಬೇಗ ಬೇಗ" ಅಂತ ಬೈಯುತ್ತಾನೆ.