ಲ್ಯಾಬಿನಲ್ಲಿ ಕಲಿತ ಘಾತಗಳು

ದಾವಣಗೆರೆಯಲ್ಲಿ ನಾವು ಬಿ.ಎಸ್ಸಿ. ಓದುವಾಗ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಇತ್ತು, ಸಂಖ್ಯೆಯ ಘಾತ (ಅದೇ ಸಂಖ್ಯೆಯನ್ನು ಮತ್ತೆ ಮತ್ತೆ ಗುಣಿಸಿದರೆ ಬರುವ ಉತ್ತರ) ಕಂಡುಹಿಡಿಯುವುದು. ಅದಕ್ಕೆ 'ಪೌ' ಅನ್ನುವ ರೆಡಿಮೇಡ್ ಫಂಕ್ಷನ್ ಇದೆ. ನಮ್ಮ ಮೇಡಂ ಅದನ್ನು ಮುಟ್ಟಲು ಬಿಡಲಿಲ್ಲ. "ಗುಣಾಕಾರ ಬರ್ತೈತಲ್ಲ? ಅಷ್ಟು ಸಾಕು. ಲೂಪ್ ಬರೀರಿ" ಅಂದರು. ಲೂಪ್ ಅಂದರೆ ಒಂದೇ ಕೆಲಸವನ್ನು ಬೇಕಾದಷ್ಟು ಸಲ ಮಾಡಿಸುವ ಸಾಲುಗಳು. ಜಗಳೂರು, ಹರಪನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಮಗೆ ಆ ಮಾತೇ ಧೈರ್ಯ.

ಉತ್ತರ ಇಟ್ಟುಕೊಳ್ಳುವ ವೇರಿಯಬಲ್‌ಗೆ ಮೊದಲು 1 ಹಾಕಬೇಕು. 0 ಹಾಕಿದರೆ ಎಷ್ಟು ಗುಣಿಸಿದರೂ ಸೊನ್ನೆಯೇ. ಘಾತಸೂಚಿ (ಎಷ್ಟು ಸಲ ಗುಣಿಸಬೇಕು ಅನ್ನುವ ಸಂಖ್ಯೆ) 0 ಆದರೆ ಲೂಪ್ ಒಂದು ಸಲವೂ ತಿರುಗುವುದಿಲ್ಲ, ಆ 1 ಹಾಗೇ ಉಳಿಯುತ್ತದೆ. 5ರ ಘಾತ 0 ಅಂದರೆ 1 ಎಂದು ಹೈಸ್ಕೂಲಿನಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದೆ. ಯಾಕೆ ಅನ್ನುವುದು ಹೊಳೆದದ್ದು ಇಲ್ಲೇ.

ಆಮೇಲೆ ಮೇಡಂ 2ರ ಘಾತಗಳನ್ನು ಒಂದೊಂದಾಗಿ ಕೊಡಿಸಿದರು. 14ಕ್ಕೆ 16384 ಬಂತು. 15ಕ್ಕೆ ಬಂದದ್ದು ಮೈನಸ್ 32768! 16ಕ್ಕೆ ಬರೀ ಸೊನ್ನೆ. ಇಡೀ ಲ್ಯಾಬ್ ಗದ್ದಲ. ನಾವು ಬಳಸುತ್ತಿದ್ದ ಟರ್ಬೊ ಸಿ ಎಂಬ ಹಳೆಯ ಸಾಫ್ಟ್‌ವೇರಿನಲ್ಲಿ ಪೂರ್ಣಾಂಕ ಇಡುವ 'ಇಂಟ್'ಗೆ ಸಿಗುವುದು ಎರಡೇ ಬೈಟ್ ಜಾಗ, 32767 ದಾಟಿದರೆ ಜಾಗವಿಲ್ಲ ಎಂದು ಅವರು ಆಗ ವಿವರಿಸಿದರು. ಮೊದಲೇ ಹೇಳಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುಂದಿನ ವಾರದ ಪಾಠ. "ಕನ್ನಡ ಕ್ಲಾಸಿನಲ್ಲಿ ಲಘು, ಗುರು ಹಾಕಿದ್ದೀರಲ್ವಾ? ಆರು ಅಕ್ಷರದ ಸಾಲಿನಲ್ಲಿ ಅವನ್ನು ಎಷ್ಟು ಥರ ಇಡಬಹುದು?" ಎಂದು ಕೇಳಿದರು. 2ರ ಘಾತ 6, ಅಂದರೆ 64. ಇದನ್ನು ಲೆಕ್ಕ ಹಾಕುವ ದಾರಿ ಪ್ರಾಚೀನ ಛಂದಸ್ಸಿನ ಪಂಡಿತ ಪಿಂಗಳನ ಛಂದಃಶಾಸ್ತ್ರ ಗ್ರಂಥದಲ್ಲೇ ಇದೆಯಂತೆ! ಬೋರ್ಡಿನ ಮೇಲೆ ಬರೆದು ತೋರಿಸಿದರು. 6ರ ಅರ್ಧ 3. ಬೆಸ ಬಂದರೆ 1 ಕಳೆಯಿರಿ, 2. ಮತ್ತೆ ಅರ್ಧ, 1. ಮತ್ತೆ 1 ಕಳೆದರೆ 0. ಈಗ 1 ಇಟ್ಟುಕೊಂಡು ಹಿಂದಕ್ಕೆ ಬನ್ನಿ. 1 ಕಳೆದ ಕಡೆ ಎರಡರಿಂದ ಗುಣಿಸಿ, ಅರ್ಧ ಮಾಡಿದ ಕಡೆ ವರ್ಗ ಮಾಡಿ. 2, 4, 8, 64.

ಎಂಥ ಚೆಂದದ ಲೆಕ್ಕ! ಎರಡು ಸಾವಿರ ವರ್ಷ ಹಿಂದಿನ ಪದ್ಯದ ಲೆಕ್ಕವನ್ನು ನಾವು ಅದೇ ದಿನ ಸಿಯಲ್ಲಿ ಬರೆದೆವು. 3ರ ಘಾತ 13ಕ್ಕೆ ಮೊದಲ ಲೂಪಿನಲ್ಲಿ 3ನ್ನು 13 ಸಲ ಗುಣಿಸಬೇಕು. ಅರ್ಧ ಮಾಡುವ ದಾರಿಯಲ್ಲಿ ಆರೇ ಗುಣಾಕಾರ ಸಾಕು. ಘಾತ ದೊಡ್ಡದಾದಷ್ಟೂ ಉಳಿತಾಯ ಜಾಸ್ತಿ. ಆರ್‌ಎಸ್‌ಎ ಎಂಬ, ಸಂದೇಶಗಳನ್ನು ಗುಟ್ಟಾಗಿಡುವ ಗೂಢಲಿಪಿಯಲ್ಲಿ ನೂರಾರು ಅಂಕಿಗಳ ಘಾತಸೂಚಿ ಬರುತ್ತದೆ. ಅಲ್ಲೂ ಕೆಲಸ ನಡೆಯುವುದು ಹೀಗೆ ಅರ್ಧ ಮಾಡಿಯೇ. ಒಂದೊಂದಾಗಿ ಗುಣಿಸುತ್ತಾ ಕೂತರೆ ಅದು ಮುಗಿಯುವ ಲೆಕ್ಕವೇ ಅಲ್ಲ.